ನಲವತ್ತು ತುಂಬಿರಬಾರದು

ಕಣೇಕಲ್ಲು ರಸ್ತೆಯ ಜೆರಾಕ್ಸ್ ಅಂಗಡಿ ಪಕ್ಕ
ನನ್ನದೊಂದು ಟೇಬಲ್ಲು, ಅಂಗೈಯಗಲದ ಮಿಷನ್ನು.
ಬ್ಯಾಂಕಿನವರ ಪ್ರಕಾರ ನಾನು ಬ್ಯಾಂಕಿನವಳಲ್ಲ.
ರಾಯದುರ್ಗದವರ ಪ್ರಕಾರ ನಾನೇ ಬ್ಯಾಂಕು.

ಗಾದಿಲಿಂಗಮ್ಮ ಬಂದಾಗ ಕರೆಂಟು ಹೋಗಿತ್ತು.
ಜೀನ್ಸ್ ಪ್ಯಾಂಟಿನ ಉಳಿಕೆ ದಾರ ಕತ್ತರಿಸುವವಳು,
ಸೆರಗಿಗೂ ತಲೆಗೂ ನೀಲಿ ಎಳೆ ಮೆತ್ತಿಕೊಂಡಿತ್ತು.
ಜೊತೆಗೆ ವಾಷಿಂಗ್ ಯೂನಿಟ್ಟಿನ ಹುಡುಗ ಹೊನ್ನೂರ,
ಮೊಣಕೈವರೆಗೆ ಅದೇ ನೀಲಿ, ತಿಕ್ಕಿದರೂ ಹೋಗದ್ದು.

"ಅರವತ್ತಕ್ಕೆ ಅರಳು ಮರಳು ಅಂತಿದ್ರು,
ಈಗ ಅರವತ್ತಕ್ಕೆ ತಿಂಗಳಿಗೆ ಸಾವಿರ ಅಂತೆ.
ಬರಕೋ ನನ್ನ ಹೆಸರು."

ಅರ್ಜಿ ತೆಲುಗಿನದು. ನಾಲ್ಕನೇ ಕ್ಲಾಸಿನ ಕನ್ನಡದಲ್ಲಿ
ಬೆರಳಿಟ್ಟು ಎರಡು ಸಾಲು ಕೂಡಿಸಿ ಓದಿದಳು.
ಅಕ್ಷರ ನಮ್ಮವೇ, ತಲೆಕಟ್ಟು ಮಾತ್ರ ಬೇರೆ,
ಹೆಂಡತಿ ಊರಲ್ಲಿ ರುಮಾಲು ಬದಲಿಸಿದ ಅಣ್ಣನಂಗೆ.

ಉಳಿದದ್ದು ನಾನು ಹೇಳಿದೆ.
ಉಳಿತಾಯ ಖಾತೆ ಇರಬೇಕು.
ಐತೆ. ಅದರಾಗೆ ನೂರಾ ಹನ್ನೆರಡು ರೂಪಾಯಿನೂ ಐತೆ.
ಫೋನ್ ನಂಬರು.
ಮಗಳದು ಐತೆ.
ಆದಾಯ ತೆರಿಗೆ ಕಟ್ಟುವವರಾಗಿರಬಾರದು.
ಅವಳು ನಕ್ಕಳು. ಜೆರಾಕ್ಸಿನವನೂ ನಕ್ಕ.
ಆಮೇಲೆ ನಾನೂ.
ಹದಿನೆಂಟು ತುಂಬಿರಬೇಕು, ನಲವತ್ತು ತುಂಬಿರಬಾರದು.

ಎಲೆಅಡಿಕೆ ಚೀಲದಿಂದ ಆಧಾರ್ ಕಾರ್ಡು ತೆಗೆದಳು.
ಜನವರಿ ಒಂದು.
ಈ ಊರಿನ ಅರ್ಧ ಜನ ಹುಟ್ಟಿದ್ದು ಅವತ್ತೇ,
ಸೂಲಗಿತ್ತಿಗೆ ಆ ದಿನ ಉಗುಳು ನುಂಗಲೂ ಪುರುಸೊತ್ತಿರಲಿಕ್ಕಿಲ್ಲ.
ಎರಡು ಸಲ ಬೆರಳೆಣಿಸಿದೆ.
ನಲವತ್ತು ತುಂಬಿ ಮೂರು ತಿಂಗಳು.

"ಅದು ನನ್ನ ವಯಸ್ಸಲ್ಲಮ್ಮ," ಅಂದಳು.
"ಸೀನಪ್ಪನ ಮನೆಗೆ ಹಂಚು ಹಾಕಿಸಿದ ವರ್ಷ
ನಮ್ಮ ಎಮ್ಮೆಯ ಎರಡನೇ ಸೂಲಿಗೆ ಹುಟ್ಟಿದೋಳು ನಾನು.
ಅವತ್ತು ಸ್ಕೂಲಿನಾಗೆ ಶಿಬಿರ ಇತ್ತು,
ರಾತ್ರಿಯೆಲ್ಲ ನೂರಾ ಎಂಬತ್ತು ಪ್ಯಾಂಟಿನ ದಾರ ಕತ್ತರಿಸಿ
ನೆಟ್ಟಗೆ ಹೋಗಿ ಸಾಲಿನಾಗೆ ನಿಂತಿದ್ದೆ.
ಹುಟ್ಟಿದ ದಿನ ಕೇಳಿದ, ಗೊತ್ತಿಲ್ಲ ಅಂದೆ.
ಹುಡುಗ ನನ್ನ ಮುಖ ನೋಡಿ ಬರೆದ.
ನಿದ್ದೆಗೆಟ್ಟ ಮುಖ. ನಾಲ್ಕು ವರ್ಷ ಸೇರಿಸಿಬಿಟ್ಟ."

ತಿದ್ದಿಸಬಹುದು, ಸ್ಕೂಲಿನ ದಾಖಲೆ ಬೇಕು, ಅಂದೆ.
ಕನ್ನಡ ಶಾಲೆಯ ದಾಖಲಾತಿ ಪುಸ್ತಕ ಗೆದ್ದಲು ಓದಿ ಮುಗಿಸಿದೆ
ಅಂತ ಇಬ್ಬರಿಗೂ ಗೊತ್ತಿತ್ತು.
ಆ ಹುಡುಗ ಎಲ್ಲಿದ್ದಾನೋ.
ಆ ರಾತ್ರಿಯ ಪ್ಯಾಂಟುಗಳು ಯಾರ ಕಾಲಲ್ಲಿ ಸವೆದವೋ.

ಹಂಗಾರೆ ಇವನದು ಬರಕೋ, ಅಂತ ಹೊನ್ನೂರನನ್ನು ನೂಕಿದಳು.
ಹತ್ತೊಂಬತ್ತು. ತಿಂಗಳಿಗೆ ನಲವತ್ತಾರು ರೂಪಾಯಿ. ಎಲ್ಲ ಸರಿಯಿತ್ತು.
ಅವನು ತನ್ನ ನೀಲಿ ಬೆರಳು ನೋಡಿಕೊಂಡ.
"ಅರವತ್ತಾ? ನಮ್ಮ ಯೂನಿಟ್ಟಿನಾಗೆ
ಐವತ್ತಾದೋನ್ನೇ ನಾ ಕಂಡಿಲ್ಲಕ್ಕ.
ಬರೋ ತಿಂಗಳು ನೋಡಾಣ."
ಎದ್ದು ಹೋಗಿ ಕಬ್ಬಿನ ಹಾಲಿನ ಗಾಡಿ ಹತ್ತಿರ ನಿಂತ.

ಅಷ್ಟರಲ್ಲಿ ಕರೆಂಟು ಬಂತು,
ಜೆರಾಕ್ಸಿನವನ ಮಿಷನ್ನು ತಾನಾಗೇ ಒಂದು ಖಾಲಿ ಹಾಳೆ ಉಗುಳಿತು.
ಗಾದಿಲಿಂಗಮ್ಮ ಕಾರ್ಡನ್ನು ಅಡಿಕೆ ಚೂರುಗಳ ಜೊತೆ ಒಳಗಿಟ್ಟಳು.
ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹೊರಟವಳು ನಿಂತಳು.
"ನಿಂದು ಕಟ್ಟೀಯೇನಮ್ಮ?"

ಒಂದು ಅರ್ಜಿಗೆ ಇಷ್ಟು ಅಂತ ಕಮಿಷನ್ನಿನ ಟೇಬಲ್ಲು ಇದು,
ಇದಕ್ಕೆ ಪಿಂಚಣಿ ಇಲ್ಲ.
ಬರುವ ಆಷಾಢಕ್ಕೆ ನನಗೆ ನಲವತ್ತು.
ನಾಲ್ಕು ವರ್ಷದಿಂದ ಈ ನಿಯಮ ಊರಿಗೆಲ್ಲ ಓದಿ ಹೇಳುತ್ತಿದ್ದೇನೆ.

ನಾನು ಸ್ಟಾಂಪ್ ಪ್ಯಾಡು ಹುಡುಕತೊಡಗಿದೆ.
ಅವಳು ಬಗ್ಗಿ, ಸೊಂಟದ ಪುಟ್ಟ ಕತ್ತರಿ ತೆಗೆದು,
ನನ್ನ ರವಿಕೆ ತೋಳಿನಿಂದ ಜೋತಾಡುತ್ತಿದ್ದ ಎಳೆಯೊಂದನ್ನು
ಟಕ್ಕೆಂದು ಕತ್ತರಿಸಿದಳು.